ಹೀಯಾಳಿಕೆಯ ನಂಜು

ನಗುವುದು ಮನುಷ್ಯನ ಸಹಜ ಗುಣ. ಆದರೆ ನಗಿಸುವ ಮಾತಿಗೂ ನೋಯಿಸುವ ಮಾತಿಗೂ ನಡುವಣ ಅಂತರ ಕೂದಲೆಳೆಯಷ್ಟು. ಒಬ್ಬರ ಬಣ್ಣ, ಎತ್ತರ, ಮೈಕಟ್ಟುಗಳನ್ನು ಹಿಡಿದು ಹಾಸ್ಯ ಮಾಡುವಾಗ ಆ ಅಂತರವೂ ಅಳಿಸಿಹೋಗುತ್ತದೆ.

ಕಪಿಲಾ ತೀರದ ನಂಜನಗೂಡಿನಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಸುತ್ತಣ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳಲ್ಲಿ ಅಡ್ಡಹೆಸರುಗಳಿಗೆ ಕೊರತೆಯಿಲ್ಲ. ಹುಡುಗಿಯನ್ನು ‘ಕಾಗೆ’, ‘ಡುಮ್ಮಿ’ ಎಂದೂ ಹುಡುಗನನ್ನು ‘ಕುಳ್ಳ’, ‘ಕಡ್ಡಿ ಪೈಲ್ವಾನ’ ಎಂದೂ ಕರೆಯುವುದುಂಟು. ಹೆಣ್ಣಿಗೆ ಬಣ್ಣ ಮತ್ತು ದಪ್ಪ, ಗಂಡಿಗೆ ಎತ್ತರ ಮತ್ತು ಬಲ. ಸಮಾಜವು ಬೇರೆಬೇರೆ ಅಳತೆಗೋಲುಗಳನ್ನು ಹಿಡಿದಿದೆ ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಈ ಅಳತೆಗೋಲುಗಳನ್ನು ಮಕ್ಕಳ ಕೈಗೆ ಕೊಟ್ಟವರು ಹಿರಿಯರು. ಹೆಣ್ಣುಮಗು ಹುಟ್ಟಿದೊಡನೆ ಅದರ ಬಣ್ಣವನ್ನು ವಿಚಾರಿಸುವವರಿದ್ದಾರೆ. ಮದುವೆಯ ಮಾತುಕತೆಯಲ್ಲಿಯೂ ಅದೇ ಪ್ರಶ್ನೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು ಈ ಕಳವಳವನ್ನೇ ಬಂಡವಾಳ ಮಾಡಿಕೊಂಡಿತು. 2005ರಲ್ಲಿ ಗಂಡಸರಿಗೂ ಅಂತಹ ಕ್ರೀಮು ಬಂದಿತು. 2020ರಲ್ಲಿ ಮೊದಲನೆಯದರ ಹೆಸರಿನಿಂದ ‘ಫೇರ್’ ಎಂಬ ಪದ ಮಾಯವಾಯಿತು; ಜನರ ಮನಸ್ಸಿನಿಂದ ಇನ್ನೂ ಆಗಿಲ್ಲ.

ದೇಹವಾದರೋ ತನ್ನ ನಿಯಮದಂತೆಯೇ ಬೆಳೆಯುತ್ತದೆ. ಹುಡುಗಿಯರು ಹುಡುಗರಿಗಿಂತ ಸುಮಾರು 2 ವರ್ಷ ಮುಂಚೆ ಬೆಳೆಯತೊಡಗುತ್ತಾರೆ. ಆಗ ಅವರ ಮೈಯಲ್ಲಿ ಕೊಬ್ಬಿನ ಅಂಶ ಹೆಚ್ಚುವುದು ಸಹಜ. ಹುಡುಗರು ತಡವಾಗಿ ಎತ್ತರಕ್ಕೇರಿ, ಆಮೇಲೆ ಮೈ ತುಂಬಿಕೊಳ್ಳುತ್ತಾರೆ. ಏಳನೆಯ ತರಗತಿಯ ‘ಕುಳ್ಳ’ ಹತ್ತನೆಯ ತರಗತಿಯಲ್ಲಿ ಎಲ್ಲರನ್ನೂ ಮೀರಿಸಬಹುದು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ಮೈಯನ್ನು ಕಾಯುವ ರಕ್ಷೆ.

ನೋವು ಇಬ್ಬರಿಗೂ ಉಂಟು; ಅದು ತೋರುವ ಬಗೆ ಬೇರೆ. ಎಷ್ಟೋ ಹುಡುಗಿಯರು ಕನ್ನಡಿಯ ಮುಂದೆ ಕುಗ್ಗುತ್ತಾರೆ, ಊಟ ಬಿಡುತ್ತಾರೆ, ಶಾಲೆಯ ವೇದಿಕೆ ಹತ್ತಲು ಅಂಜುತ್ತಾರೆ. ‘ಗಂಡುಹುಡುಗ ಅಳಬಾರದು’ ಎಂದು ಕೇಳುತ್ತ ಬೆಳೆದ ಹುಡುಗನ ದುಃಖವಾದರೋ ಅನೇಕ ವೇಳೆ ಮೌನವಾಗಿಯೋ ಸಿಟ್ಟಾಗಿಯೋ ಹೊರಬೀಳುತ್ತದೆ. ಹಿರಿಯರು ಅದನ್ನು ಪುಂಡತನವೆಂದು ಬಗೆದರೆ, ಸಾಂತ್ವನ ದೊರೆಯಬೇಕಾದವನಿಗೆ ಶಿಕ್ಷೆ ದೊರೆಯುತ್ತದೆ.

ಹಾಲಾಹಲವನ್ನು ಕಂಠದಲ್ಲಿ ತಡೆದ ಶಿವನೇ ನಂಜನಗೂಡಿನ ನಂಜುಂಡೇಶ್ವರ. ದೇವರಿಗೆ ಸಾಧ್ಯವಾದುದನ್ನು ಎಳೆಯರು ಮಾಡಬೇಕಾಗಿಲ್ಲ. ತಾಯಿತಂದೆಯರಲ್ಲಿ, ಉಪಾಧ್ಯಾಯರಲ್ಲಿ ಹೇಳಿಕೊಂಡರೆ ನಂಜು ಇಳಿಯುತ್ತದೆ. ಹತ್ತಿರದವರಲ್ಲಿ ಹೇಳಲಾಗದವರು 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೀಯಾಳಿಸಿದವನು ಮರುಗಳಿಗೆಯೇ ಮರೆಯುತ್ತಾನೆ. ಕೇಳಿದವನು ವರ್ಷಗಟ್ಟಲೆ ಹೊರುತ್ತಾನೆ. ಸುತ್ತ ನಿಂತವರು ನಗದಿದ್ದರೆ ಸಾಕು, ಎಷ್ಟೋ ಅಡ್ಡಹೆಸರುಗಳು ಹುಟ್ಟಿದ ದಿನವೇ ಅಳಿಯುತ್ತವೆ.