ಚಕ್ರ ಇಪ್ಪತ್ತೇ ಇಂಚು, ಆಟ ಬೇರೆ ಬೇರೆ

ರೇಸಿನ ಬಿಎಂಎಕ್ಸ್ ಸೈಕಲ್ಲಿಗೆ ಮುಂದೆ 44 ಹಲ್ಲಿನ ಚಕ್ರ, ಹಿಂದೆ 16 ಹಲ್ಲಿನದು ಎಂಬುದು ಹಳೆಯ ರೂಢಿ. ಬೀದಿ ಕಸರತ್ತಿನ ಸೈಕಲ್ಲಿನಲ್ಲಿ ಸಾಮಾನ್ಯವಾಗಿ 25 ಮತ್ತು 9. ಭಾಗಿಸಿ ನೋಡಿ: ಒಂದು 2.75, ಇನ್ನೊಂದು 2.78. ಪೆಡಲ್ ಒಂದು ಸುತ್ತು ತುಳಿದರೆ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತವೆ. ಹಾಗಾದರೆ ಹಲ್ಲುಗಳೇಕೆ ಬೇರೆ? ಬೀದಿ ಸವಾರರು ಸೈಕಲ್ಲನ್ನು ಕಟ್ಟೆಯ ಅಂಚಿಗೋ ಮೆಟ್ಟಿಲಿನ ಕಂಬಿಗೋ ಹಾರಿಸಿ, ಅದರ ಮೇಲೆ ಜಾರಿಸಿಕೊಂಡು ಹೋಗುತ್ತಾರೆ. ದೊಡ್ಡ ಹಲ್ಲಿನ ಚಕ್ರವಿದ್ದರೆ ಕಲ್ಲಿಗೆ ಬಡಿದು ಹಲ್ಲೂ ಹೋಯಿತು, ಚೈನೂ ಹೋಯಿತು.

1970ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್ ರೇಸಿನ ಹುಚ್ಚು ಹತ್ತಿಸಿಕೊಂಡು, ಮೋಟಾರ್‌ಸೈಕಲ್ ಇಲ್ಲದ್ದಕ್ಕೆ ಶ್ವಿನ್ ಕಂಪನಿಯ ಸ್ಟಿಂಗ್-ರೇ ಸೈಕಲ್ಲುಗಳನ್ನೇ ಮಣ್ಣಿನ ದಿಬ್ಬಗಳಿಗೆ ನುಗ್ಗಿಸಿದರು. ಬಿಎಂಎಕ್ಸ್ ಹುಟ್ಟಿದ್ದು ಹೀಗೆ. ಆ ಸೈಕಲ್ಲಿನ 20 ಇಂಚಿನ ಚಕ್ರ ಇಂದಿಗೂ ಉಳಿದಿದೆ. ಉಳಿಯಲು ಕಾರಣವೂ ಇದೆ. ಒಂದೇ ಬಗೆಯ ರಿಮ್ಮು, ಟೈರು ಎಂದಿಟ್ಟುಕೊಂಡರೆ, ಚಕ್ರವನ್ನು ತಿರುಗಿಸಲು ಎದುರಾಗುವ ಜಡತ್ವ ತ್ರಿಜ್ಯದ ಘನದಷ್ಟು ಏರುತ್ತದೆ. ಹಾಗಾಗಿ 26 ಇಂಚಿನ ಚಕ್ರಕ್ಕೆ ಹೋಲಿಸಿದರೆ 20 ಇಂಚಿನದರ ಜಡತ್ವ ಅರ್ಧಕ್ಕಿಂತ ಕಡಿಮೆ. ಕಡ್ಡಿಗಳು ಗಿಡ್ಡವಾದ್ದರಿಂದ ಚಕ್ರ ಬೇಗ ಸೊಟ್ಟಗಾಗುವುದೂ ಇಲ್ಲ.

ರೇಸಿನ ಸೈಕಲ್ಲಿಗೆ ವೇಗವೊಂದೇ ಗುರಿ: ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮು, ಗಾಳಿ ಬಿಗಿಯಾಗಿ ತುಂಬಿದ ಸಪೂರ ಟೈರು, ಹಿಂದಕ್ಕೆ ಮಾತ್ರ ಬ್ರೇಕು. ಒಲಿಂಪಿಕ್ಸ್ ಮಟ್ಟದ ಟ್ರ್ಯಾಕಿನಲ್ಲಿ 8 ಮೀಟರ್ ಎತ್ತರದಿಂದ ಧುಮುಕಿ ಓಟವನ್ನು ಸುಮಾರು 40 ಸೆಕೆಂಡಿನೊಳಗೆ ಮುಗಿಸುತ್ತಾರೆ. ಪಾರ್ಕು (ಇಳಿಜಾರುಗಳನ್ನು ಕಟ್ಟಿದ ಕಸರತ್ತಿನ ಅಂಗಳ), ಬೀದಿ, ಮಣ್ಣಿನ ದಿಬ್ಬದ ಸೈಕಲ್ಲುಗಳಿಗೆ ಪೆಟ್ಟು ತಾಳುವ ಕ್ರೋಮೋಲಿ ಉಕ್ಕು ಬೇಕು. ದಿಬ್ಬಕ್ಕಾದರೆ ಟೈರಿಗೆ ಕಚ್ಚು ಹೆಚ್ಚು. ಬೀದಿಗಾದರೆ ಅಚ್ಚಿನ ತುದಿಗೆ ಪೆಗ್ ಎಂಬ ಕೊಳವೆಗಳು.

ನನ್ನ ಮಟ್ಟಿಗೆ ತಲೆ ಹೆಚ್ಚು ಓಡಿರುವುದು ಫ್ಲಾಟ್‌ಲ್ಯಾಂಡ್ ಸೈಕಲ್ಲಿನಲ್ಲಿ. ಸಮತಟ್ಟು ನೆಲದ ಮೇಲೆ ಒಂದೇ ಚಕ್ರದಲ್ಲಿ ಗಿರಕಿ ಹೊಡೆಯುವ, ಹಿಮ್ಮುಖವಾಗಿ ಉರುಳುವ ಆಟ ಇದು. ಮಾಮೂಲಿ ಸೈಕಲ್ಲನ್ನು ಹಿಂದಕ್ಕೆ ತಳ್ಳಿ, ಪೆಡಲೂ ಹಿಂದಕ್ಕೆ ತಿರುಗುತ್ತದೆ. ಮೇಲಿರುವವರ ಕಾಲಿಗೆ ಬಿಡುವಿಲ್ಲ. ಅದಕ್ಕೇ ಫ್ಲಾಟ್‌ಲ್ಯಾಂಡ್ ಸೈಕಲ್ಲಿನ ಹಿಂದಿನ ಚಕ್ರದ ನಡುವೆ ಫ್ರೀಕೋಸ್ಟರ್ ಎಂಬ ಹಬ್ಬು ಇರುತ್ತದೆ. ಅದರೊಳಗೆ ಒಂದು ಕ್ಲಚ್ ಇದ್ದು, ಮುಂದಕ್ಕೆ ತುಳಿದಾಗ ಮಾತ್ರ ಅದು ಚಕ್ರವನ್ನು ಹಿಡಿಯುತ್ತದೆ. ಹಿಂದಕ್ಕೆ ಎಷ್ಟು ಉರುಳಿದರೂ ಪೆಡಲ್ ಸುಮ್ಮನಿರುತ್ತದೆ. ಆದರೆ ಹಿಡಿಯುವ ಮುಂಚೆ ಪೆಡಲ್ ತುಸು ಖಾಲಿ ಸುತ್ತುತ್ತದೆ. ಗೇಟು ಬಿದ್ದೊಡನೆ ಚಿಮ್ಮಬೇಕಾದ ರೇಸುಗಾರರಿಗೆ ಆ ತುಸುವೇ ಸೋಲು. ಇನ್ನು ಹ್ಯಾಂಡಲ್ಲನ್ನು ಗಿರ್ರನೆ ಸುತ್ತಿಸಿದರೆ ಬ್ರೇಕಿನ ಕೇಬಲ್ ಸುತ್ತಿಕೊಳ್ಳಬಾರದಲ್ಲ? ಅದಕ್ಕೆ ಗೈರೋ ಇದೆ: ಕೇಬಲ್ಲನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇರುವ ಬಿಲ್ಲೆ ಕೂರಿಸಿರುತ್ತಾರೆ. ಹ್ಯಾಂಡಲ್ ಎಷ್ಟು ಸುತ್ತಿದರೂ ಕೆಳಗಿನ ತುಂಡು ಕದಲುವುದಿಲ್ಲ. ಇಷ್ಟೆಲ್ಲ ಇದ್ದರೂ ಒಲಿಂಪಿಕ್ಸ್‌ಗೆ 2008ರಲ್ಲಿ ರೇಸು, 2021ರ ಟೋಕಿಯೋದಲ್ಲಿ ಪಾರ್ಕು ಬಂದವು. ಫ್ಲಾಟ್‌ಲ್ಯಾಂಡ್‌ಗೆ ಅಲ್ಲಿ ಜಾಗ ಸಿಕ್ಕಿಲ್ಲ.

ಮಕ್ಕಳಿಗೆ ಕೊಡಿಸುವ ಯೋಚನೆ ಇದ್ದರೆ, ಯಾವ ಆಟಕ್ಕೆ ಎಂದು ಮೊದಲು ಕೇಳಿಕೊಳ್ಳಿ. ಪೆಗ್ ಹಾಕುವುದಿದ್ದರೆ ಹಿಂದಿನ ಅಚ್ಚು 14 ಮಿ.ಮೀ. ದಪ್ಪವಿರಲಿ. ಹೆಲ್ಮೆಟ್ಟನ್ನು ಸೈಕಲ್ಲಿನ ಜೊತೆಗೇ ಕೊಳ್ಳಿ.