ಕ್ಷೌರ: ಮನೆಯಲ್ಲೋ, ಅಂಗಡಿಯಲ್ಲೋ?

ತಲೆಗೂದಲನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳುವುದು ಆರೋಗ್ಯಕ್ಕೆ ಹಿತವೋ, ಕ್ಷೌರದ ಅಂಗಡಿಗೆ ಹೋಗುವುದು ಹಿತವೋ ಎಂಬ ಪ್ರಶ್ನೆಯನ್ನು ಘಟ್ಟದ ಕೆಳಗೆ, ಬಂಟ್ವಾಳ ತಾಲ್ಲೂಕಿನ ವಿಟ್ಲದ ಪರಿಸರದಲ್ಲಿ ನೆಲೆಸಿರುವ ಸದ್ಭಕ್ತರು ನಮ್ಮ ಮುಂದಿಟ್ಟಿದ್ದಾರೆ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಯಕೃತ್ತಿನ ರೋಗದಿಂದ ಹಿಡಿದು ಪಾರ್ಶ್ವವಾಯುವಿನವರೆಗೆ, ಮಕ್ಕಳ ತಲೆಯ ಹುಳುಕಡ್ಡಿಯಿಂದ ಹಿಡಿದು ಒಬ್ಬ ಕಾಯಕಜೀವಿಯ ಅನ್ನದವರೆಗೆ ಹಲವು ವಿಷಯಗಳು ಇದರಲ್ಲಿ ಅಡಗಿವೆ.

ಈ ಪ್ರಶ್ನೆ ಬಹುತೇಕ ಮನೆಗಳಿಗೆ ಹೊಸದಾಗಿ ಬಂದದ್ದು 2020ರಲ್ಲಿ. ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್‌ಗೆ ಒಳಗಾದಾಗ ಕ್ಷೌರದ ಅಂಗಡಿಗಳೂ ಮುಚ್ಚಿದವು. ತಂದೆ ಮಗನಿಗೆ, ಹೆಂಡತಿ ಗಂಡನಿಗೆ ಕತ್ತರಿ ಹಿಡಿಯಬೇಕಾಯಿತು. ಟ್ರಿಮ್ಮರ್ ಎಂಬ ಯಂತ್ರ ಹಳ್ಳಿಯ ಮನೆಗಳಿಗೂ ಬಂದಿತು. ಮೇ 6ರಂದು ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಆ ತಿಂಗಳ ಮೂರನೆಯ ವಾರದಲ್ಲಿ ಅಂಗಡಿಗಳು ತೆರೆದರೂ ಕೆಲವರು ಮರಳಿ ಹೋಗಲಿಲ್ಲ. ಖರ್ಚು ಉಳಿಯಿತು, ಸೋಂಕಿನ ಭಯವೂ ತಪ್ಪಿತು ಎಂಬುದು ಅವರ ಸಮಾಧಾನ. ಈ ಸಮಾಧಾನ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಮೊದಲು ಒಂದು ಭೇದವನ್ನು ಅರಿಯಬೇಕು. ಚರ್ಮದಿಂದ ಹೊರಗೆ ಕಾಣುವ ಕೂದಲು ಜೀವವಿಲ್ಲದ ವಸ್ತು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಅದನ್ನು ಎಲ್ಲಿ, ಯಾರು ಕತ್ತರಿಸಿದರೂ ದೇಹಕ್ಕೆ ಹಾನಿಯಿಲ್ಲ. ಅಪಾಯವಿರುವುದು ಚರ್ಮಕ್ಕೆ ಲೋಹ ತಾಗುವಲ್ಲಿ. ಕತ್ತಿನ ಹಿಂಭಾಗ, ಕಿವಿಯ ಸುತ್ತ, ಕೆನ್ನೆ, ಗದ್ದಗಳ ಮೇಲೆ ಬ್ಲೇಡ್ ಆಡಿದಾಗ ಕಣ್ಣಿಗೆ ಕಾಣದ ಗೀರುಗಳು ಉಂಟಾಗುತ್ತವೆ. ಒಬ್ಬರ ಗೀರಿನ ರಕ್ತ ಮತ್ತೊಬ್ಬರ ಗೀರನ್ನು ಸೇರಲು ಅದೇ ಬ್ಲೇಡ್ ಸೇತುವೆಯಾಗುತ್ತದೆ.

ಹಾಗೆ ಸಾಗುವ ರೋಗಗಳಲ್ಲಿ ಮುಖ್ಯವಾದದ್ದು ಯಕೃತ್ತಿನ ಉರಿಯೂತವನ್ನು ಉಂಟುಮಾಡುವ ಹೆಪಟೈಟಿಸ್ ಬಿ. ಇದರ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಾಗಿ ಉಳಿಯಬಲ್ಲದು. ಒಣಗಿದ ಬ್ಲೇಡಿನಲ್ಲಿ ಏನೂ ಇಲ್ಲವೆಂದು ಭಾವಿಸುವುದು ತಪ್ಪು. ಹೆಪಟೈಟಿಸ್ ಸಿ ಕೂಡ ರಕ್ತದ ಮೂಲಕವೇ ಹರಡುತ್ತದೆ. ಇವೆರಡೂ ವರ್ಷಗಟ್ಟಲೆ ಲಕ್ಷಣ ತೋರದೆ ಒಳಗೊಳಗೇ ಯಕೃತ್ತನ್ನು ಕೆಡಿಸಬಲ್ಲವು. ಕ್ಷೌರದ ನಂತರ ಗಾಯಕ್ಕೆ ಉಜ್ಜುವ ಪಟಿಕದ ಹರಳು ರಕ್ತವನ್ನು ನಿಲ್ಲಿಸುತ್ತದೆಯೇ ಹೊರತು ವೈರಾಣುವನ್ನು ಕೊಲ್ಲುವುದೆಂದು ನಂಬುವಂತಿಲ್ಲ. ಒಂದೇ ಹರಳನ್ನು ಎಲ್ಲರ ಮುಖಕ್ಕೂ ಉಜ್ಜಿದರೆ ಅದೂ ಒಂದು ಸೇತುವೆಯೇ.

ಎರಡನೆಯದು ಶಿಲೀಂಧ್ರದ ಸೋಂಕು. ಜನರ ಬಾಯಲ್ಲಿ ಇದು ಹುಳುಕಡ್ಡಿ ಅಥವಾ ಗಜಕರ್ಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ, ಉಳಿದ ಕಾಲದಲ್ಲಿಯೂ ಬೆವರು ಆರದ ವಿಟ್ಲದಂಥ ಊರುಗಳಲ್ಲಿ ಇದರ ಕಾಟ ಬಯಲುಸೀಮೆಗಿಂತ ಹೆಚ್ಚು. ಒದ್ದೆ ಟವೆಲ್, ತೊಳೆಯದ ಬಾಚಣಿಗೆ, ಟ್ರಿಮ್ಮರಿನ ಹಲ್ಲು, ಒಬ್ಬರಿಂದೊಬ್ಬರು ಪಡೆಯುವ ಹೆಲ್ಮೆಟ್, ತೋಟದ ಕೆಲಸಕ್ಕೆ ಧರಿಸುವ ಹಾಳೆಯ ಮುಟ್ಟಾಳೆ, ಇವೆಲ್ಲವೂ ಅದನ್ನು ಹರಡಬಲ್ಲವು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟಿನಂತೆ ಏಳುತ್ತಿದ್ದರೆ ಮುಲಾಮು ಮಾತ್ರ ಸಾಲದು. ವೈದ್ಯರು ನೀಡುವ ಮಾತ್ರೆಯೂ ಬೇಕಾಗುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಕೆಲವು ದಿನ ಅಡಗಿಸಿ ರೋಗವನ್ನು ಬೆಳೆಸುತ್ತದೆ.

ಇಷ್ಟನ್ನು ಓದಿದವರು ಹಾಗಾದರೆ ಮನೆಯೇ ಕ್ಷೇಮ ಎನ್ನಬಹುದು. ಅಲ್ಲಿಯೇ ನಾವು ಎಚ್ಚರಿಸಬೇಕಾಗಿದೆ. ಅಂಗಡಿಯಲ್ಲಿ ಹೊಸ ಬ್ಲೇಡ್ ಹಾಕಿ ಎಂದು ಕೇಳುವವರೇ ಮನೆಯಲ್ಲಿ ತಂದೆ, ಮಕ್ಕಳು, ಹಬ್ಬಕ್ಕೆ ಬಂದ ಅಳಿಯ ಎಲ್ಲರೂ ಒಂದೇ ರೇಜರನ್ನು, ಒಂದೇ ಟ್ರಿಮ್ಮರನ್ನು ಬಳಸುತ್ತಾರೆ. ನಮ್ಮವರೇ ಅಲ್ಲವೇ ಎಂಬ ಪ್ರೀತಿ ಅಲ್ಲಿ ಪರೀಕ್ಷೆಯನ್ನು ಮರೆಸುತ್ತದೆ. ಹೆಪಟೈಟಿಸ್ ಬಿ ಒಂದೇ ಮನೆಯವರ ನಡುವೆ ಹರಡುವ ದಾರಿಗಳಲ್ಲಿ ಹಂಚಿಕೊಂಡ ರೇಜರೂ ಒಂದು. ವೈರಾಣುವಿಗೆ ನೆಂಟಸ್ತಿಕೆ ತಿಳಿಯದು. ಆದುದರಿಂದ ಮನೆಯೋ ಅಂಗಡಿಯೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಚರ್ಮಕ್ಕೆ ತಾಗುವ ಈ ಬ್ಲೇಡ್ ಇದಕ್ಕೆ ಮುಂಚೆ ಯಾರಿಗೆ ತಾಗಿತ್ತು ಎಂಬುದು.

ಮನೆಯಲ್ಲಿ ಕ್ಷೌರ ಮಾಡುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ರೇಜರ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಕತ್ತರಿ, ಬಾಚಣಿಗೆಗಳನ್ನು ಪ್ರತಿ ಸಲವೂ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು; ಲೋಹದ ಕತ್ತರಿಯನ್ನು 20 ನಿಮಿಷ ಕುದಿಸಿದರೆ ಇನ್ನೂ ಒಳ್ಳೆಯದು. ಟ್ರಿಮ್ಮರಿನ ಹಲ್ಲನ್ನು ಬ್ರಷ್‌ನಿಂದ ಉಜ್ಜಿ, ಶೇಕಡ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ರಕ್ತ ತಾಗಿದ ಬ್ಲೇಡನ್ನು ಮಾತ್ರ ಎಷ್ಟು ಒರೆಸಿದರೂ ಇನ್ನೊಬ್ಬರಿಗೆ ಬಳಸಬಾರದು. ಕನ್ನಡಿ ನೋಡಿಕೊಂಡು ತಮ್ಮ ಕತ್ತಿನ ಹಿಂಭಾಗಕ್ಕೆ ತಾವೇ ಬ್ಲೇಡ್ ಹಾಕುವ ಸಾಹಸ ಬೇಡ. ಕನ್ನಡಿಯಲ್ಲಿ ಕೈಯ ಅಂದಾಜು ತಪ್ಪುತ್ತದೆ. ಮಧುಮೇಹಿಗಳು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಬ್ಲೇಡಿಗೆ ಬದಲಾಗಿ ಟ್ರಿಮ್ಮರನ್ನೇ ಬಳಸುವುದು ಲೇಸು. ಹಾಸಿಗೆ ಹಿಡಿದ ಹಿರಿಯರಿಗೆ ಮನೆಯ ಕ್ಷೌರವೇ ಅನುಕೂಲ. ಆಗ ಅವರ ನೆತ್ತಿ, ಕಿವಿಯ ಹಿಂಭಾಗ, ಕತ್ತಿನ ಚರ್ಮವನ್ನು ಗಮನಿಸುವ ಅವಕಾಶವೂ ಸಿಗುತ್ತದೆ. ಆರದ ಹುಣ್ಣು, ಆಕಾರ ಬದಲಿಸುತ್ತಿರುವ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಬೇಕು.

ಅಂಗಡಿಗೆ ಹೋಗುವವರು ಕೇಳಬೇಕಾದದ್ದು ಮೂರು. ಬ್ಲೇಡನ್ನು ಕಣ್ಣೆದುರಿಗೆ ಹೊದಿಕೆಯಿಂದ ತೆಗೆದು ಹಾಕಲಿ. ಟವೆಲ್ ಒಗೆದದ್ದಾಗಿರಲಿ, ಇಲ್ಲವೇ ಮನೆಯಿಂದಲೇ ಒಯ್ಯಿರಿ. ಮೂರನೆಯದಾಗಿ, ಕುತ್ತಿಗೆಯನ್ನು ಲಟಕ್ಕೆನ್ನುವಂತೆ ತಿರುಚುವುದು ಬೇಡವೆಂದು ಸ್ಪಷ್ಟವಾಗಿ ಹೇಳಿ. 2024ರಲ್ಲಿ ಬಳ್ಳಾರಿಯ 30 ವರ್ಷದ ವ್ಯಕ್ತಿಯೊಬ್ಬರು ತಲೆಯ ಮಾಲೀಶಿನ ಸಮಯದಲ್ಲಿ ಹೀಗೆ ಕುತ್ತಿಗೆ ತಿರುಚಿಸಿಕೊಂಡ ಬಳಿಕ ಮಾತು ಕಳೆದುಕೊಂಡು, ದೇಹದ ಎಡಭಾಗದ ಬಲಗುಂದಿ ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ಗೋಡೆ ಹರಿದದ್ದೇ ಅದಕ್ಕೆ ಕಾರಣ. ಕೂದಲು ತೊಳೆಯಲು ಬೋಗುಣಿಯ ಅಂಚಿಗೆ ಕತ್ತನ್ನು ಬಹಳ ಹಿಂದಕ್ಕೆ ಬಾಗಿಸಿ ಮಲಗಿದ ಐವರು ಮಹಿಳೆಯರಲ್ಲಿ ಇಂಥದೇ ನರದ ತೊಂದರೆಗಳು ಕಂಡುದನ್ನು ಅಮೆರಿಕದ ವೈದ್ಯ ಮೈಕೆಲ್ ವೈಂಟ್ರಾಬ್ 1993ರಲ್ಲಿಯೇ ವರದಿ ಮಾಡಿದ್ದರು. ಇಂಥ ಘಟನೆಗಳು ವಿರಳ. ಆದರೆ ಕುತ್ತಿಗೆ ತಿರುಚುವುದರಿಂದ ದೊರೆಯುವ ಲಾಭವಾದರೂ ಏನು? ಕ್ಷೌರದ ನಂತರ ತೀವ್ರ ಕುತ್ತಿಗೆ ನೋವು, ಮಾತಿನ ತೊದಲು, ಮುಖ ಸೊಟ್ಟಗಾಗುವುದು, ಕೈಕಾಲಿನ ಬಲ ಕುಂದುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಕ್ಷೌರದ ಬಳಿಕ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ಅನೇಕರ ರೂಢಿ. ಕತ್ತರಿಸಿದ ಕೂದಲು ಮೈಗೆ ಚುಚ್ಚಿ ತುರಿಕೆಯಾಗದಂತೆ ಈ ಸ್ನಾನ ಕಾಪಾಡುತ್ತದೆ. ಆದರೆ ಇದನ್ನು ಮೈಲಿಗೆಯೆಂದು ತಿಳಿಯಬಾರದು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜಾತಿಸೂತಕ ಅವುಗಳಲ್ಲಿ ಒಂದು. ಬಸವಣ್ಣನವರ ಆಪ್ತರಾಗಿದ್ದ, ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಹಡಪದ ಅಪ್ಪಣ್ಣನವರನ್ನು ಕ್ಷೌರಿಕ ಕಾಯಕದ ಬಂಧುಗಳು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಆ ಪರಂಪರೆಯ ನಾಡಿನಲ್ಲಿಯೇ 2020ರ ನವೆಂಬರ್‌ನಲ್ಲಿ, ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕಾಗಿ ಕ್ಷೌರಿಕರೊಬ್ಬರ ಕುಟುಂಬಕ್ಕೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದರೆಂಬ ದೂರು ಕೇಳಿಬಂದಿತು. ಮನೆಯಲ್ಲಿ ಕೂದಲು ಕತ್ತರಿಸಿಕೊಳ್ಳುವುದು ನಮಗೆ ಆಯ್ಕೆ. ಅಂಗಡಿಯ ಬಾಗಿಲು ತೆರೆಯದವರಿಗೆ ಅದು ಶಿಕ್ಷೆ. ಎಲ್ಲರೂ ಒಂದೇ ಕುರ್ಚಿಯಲ್ಲಿ ಕುಳಿತುಕೊಳ್ಳುವ ಅಂಗಡಿಯೇ ನಿಜವಾಗಿ ಸ್ವಚ್ಛವಾದ ಅಂಗಡಿ.

ಕ್ಷೌರಿಕರ ಆರೋಗ್ಯವನ್ನೂ ನಾವು ನೆನೆಯಬೇಕು. ದಿನವೆಲ್ಲ ನಿಂತು ದುಡಿಯುವ ಅವರಿಗೆ ಕಾಲಿನ ನರ ಉಬ್ಬುವುದು, ಸೊಂಟ, ಭುಜಗಳ ನೋವು ಸಾಮಾನ್ಯ. ಎಲ್ಲರ ರಕ್ತದ ಸಮೀಪ ಕೈಯಾಡಿಸುವುದರಿಂದ ಸೋಂಕಿನ ಭಯ ಅವರಿಗೂ ಉಂಟು. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಶಿಶುಗಳಿಗೆ ದೊರೆಯುವಂತಾದದ್ದು 2011ರ ಸುಮಾರಿಗೆ. ಅದಕ್ಕಿಂತ ಹಿಂದೆ ಹುಟ್ಟಿದ ಬಹಳ ಮಂದಿ ವಯಸ್ಕರು ಇನ್ನೂ ಲಸಿಕೆ ಪಡೆದಿಲ್ಲ. ಮೊದಲನೆಯ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂಬಂತೆ ಮೂರು ಚುಚ್ಚುಮದ್ದುಗಳು ಸಾಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ತಾವೂ ಪರೀಕ್ಷಿಸಿಕೊಂಡು, ತಮಗೆ ಕ್ಷೌರ ಮಾಡುವವರಿಗೂ ತಿಳಿಸುವುದು ಒಂದು ಬಗೆಯ ದಾಸೋಹವೇ.

ಒಟ್ಟಿನಲ್ಲಿ, ಸಣ್ಣ ಮಕ್ಕಳಿಗೆ, ಅಶಕ್ತರಿಗೆ, ಸರಳವಾಗಿ ಕೂದಲು ಮೊಟಕುಗೊಳಿಸಲು ಮನೆ ಸಾಕು. ಬ್ಲೇಡ್ ಬಳಸಬೇಕಾದಲ್ಲಿ, ಅಂದ ಬೇಕಾದಲ್ಲಿ ನುರಿತ ಕೈಯೇ ಮೇಲು. ಹೊಸ ಬ್ಲೇಡ್, ಒಗೆದ ಟವೆಲ್‌ಗಳಿಗೆ ಕ್ಷೌರಿಕರು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಇಂದು ಸಂಜೆಯೇ ತಮ್ಮ ಬಚ್ಚಲುಮನೆಯಲ್ಲಿರುವ ರೇಜರುಗಳನ್ನು ಎಣಿಸಿ ನೋಡಿ. ಅವುಗಳ ಸಂಖ್ಯೆ ಬಳಸುವವರ ಸಂಖ್ಯೆಗಿಂತ ಕಡಿಮೆ ಇದ್ದರೆ ನಾಳೆಯೇ ಕೊಂಡು ತನ್ನಿ.

ಸರ್ವರಿಗೂ ಆರೋಗ್ಯ ಲಭಿಸಲಿ.