ತಾತ ಅಜ್ಜಿಯನ್ನು ಬಿಟ್ಟುಹೋದರೇ?
ಮನೆತನದ ಕತೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಸೋದರಿಯರಿಗೆ ಕೆಲವು ಕಿವಿಮಾತು

"ಅಜ್ಜೀ, ನಮ್ಮ ಮನೆತನದ ಕತೆಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ." ದೂರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಂದ ಇಂಥ ಬೇಡಿಕೆ ಈಗ ಎಷ್ಟೋ ಮನೆಗಳಿಗೆ ಬರುತ್ತಿದೆ. ಕೇಳಿದ ಕೂಡಲೇ ಹಿಗ್ಗು. ಪೆನ್ನು ಹಿಡಿದ ಕೂಡಲೇ ಅಳುಕು. 'ನಮ್ಮ ಇಂಗ್ಲಿಷ್ ನೋಡಿ ಮಕ್ಕಳು ನಗುತ್ತಾರೇನೋ!' ಅಂತ.

ನಗುವುದಕ್ಕೆ ಹೆದರಬೇಡಿ. ಕಾಗುಣಿತ ತಪ್ಪಿದರೆ ಓದುವವರೇ ತಿದ್ದಿಕೊಂಡಾರು. ಹೆದರಬೇಕಾದ್ದು ಬೇರೆ ಇದೆ. ವ್ಯಾಕರಣ ಸ್ವಲ್ಪ ಜಾರಿದರೂ ಸತ್ತು ಸ್ವರ್ಗ ಸೇರಿದವರ ಮೇಲೆ ಇಲ್ಲದ ಅಪವಾದ ಬಂದುಬಿಡಬಹುದು. ಅವರು ಎದ್ದು ಬಂದು 'ಹಾಗಲ್ಲಮ್ಮ' ಎನ್ನಲಾರರು. ಶಿವನಸಮುದ್ರದ ಸುತ್ತಿನ ಸಂಸಾರಗಳನ್ನೇ ಉದಾಹರಣೆಗೆ ತೆಗೆದುಕೊಂಡು ನೋಡೋಣ.

ಬಿಟ್ಟು ಹೋದದ್ದು, ಬಿಟ್ಟೇ ಹೋದದ್ದು

1902ನೇ ಇಸವಿ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು ಹಾದು ಕೋಲಾರದ ಚಿನ್ನದ ಗಣಿಗೆ ತಲುಪಿತು. ಅಂಥ ಕಾಲದಲ್ಲಿ ನಿಮ್ಮ ಮುತ್ತಾತ ಗಣಿಯ ಕೆಲಸಕ್ಕೆ ಹೋದರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ನಾವು ಹೇಳುವುದು ಹೇಗೆ? "ಹೆಂಡತೀನ ಊರಲ್ಲಿ ಬಿಟ್ಟು ಕೋಲಾರಕ್ಕೆ ಹೋದ್ರು." ಇದನ್ನೇ "ಹೀ ಲೆಫ್ಟ್ ಹಿಸ್ ವೈಫ್ ಅಂಡ್ ವೆಂಟ್ ಟು ಕೋಲಾರ್" ಎಂದು ಬರೆದರೆ ಕೆಟ್ಟಿತು! ಇಂಗ್ಲಿಷ್ ಓದುಗರಿಗೆ ಅದು, ಹೆಂಡತಿಯನ್ನು ತೊರೆದು ಹೋದರು ಎಂದೇ ಅರ್ಥ. ತಿಂಗಳು ತಿಂಗಳೂ ಮನಿಯಾರ್ಡರ್ ಕಳಿಸಿದ ಪುಣ್ಯಾತ್ಮ ಮರಿಮಕ್ಕಳ ಕಣ್ಣಲ್ಲಿ ಕೈಬಿಟ್ಟ ಗಂಡನಾಗುತ್ತಾರೆ. ಅದರ ಬದಲು ಎರಡು ವಾಕ್ಯ ಮಾಡಿ: "ಹೀ ವೆಂಟ್ ಟು ಕೋಲಾರ್ ಫಾರ್ ವರ್ಕ್. ಹಿಸ್ ವೈಫ್ ಸ್ಟೇಡ್ ಅಟ್ ಹೋಮ್."

ಹಾಗೆಯೇ "ಅಜ್ಜೀನ ಮಳವಳ್ಳಿಗೆ ಕೊಟ್ರು" ಎನ್ನುವ ಮಾತು. "ಷೀ ವಾಸ್ ಗಿವನ್ ಟು ಮಳವಳ್ಳಿ" ಎಂದರೆ ಹೆಣ್ಣುಮಗಳನ್ನು ಊರಿಗೆ ದಾನ ಮಾಡಿದಂತಾಯಿತು. "ಷೀ ಮ್ಯಾರೀಡ್ ಇಂಟು ಎ ಫ್ಯಾಮಿಲಿ ಇನ್ ಮಳವಳ್ಳಿ" ಎಂದರೆ ಸರಿಹೋಯಿತು.

ಒಂದು 'ಹ್ಯಾಡ್' ಮರೆತರೆ

"ನಾನು ಹುಟ್ಟಿದಾಗ ತಾತ ತೀರಿಹೋಗಿದ್ದರು." ಇಲ್ಲಿ 'ಹೋಗಿದ್ದರು' ಎಂಬುದು ಸಾವು ಮೊದಲು, ಹುಟ್ಟು ಆಮೇಲೆ ಎಂದು ಹೇಳುತ್ತದೆ. "ವೆನ್ ಐ ವಾಸ್ ಬಾರ್ನ್, ಮೈ ಗ್ರ್ಯಾಂಡ್‌ಫಾದರ್ ಡೈಡ್" ಎಂದು ಬರೆದಿರೋ, ಮಗು ಹುಟ್ಟಿದ್ದೇ ತಡ ತಾತ ಹೋದರು ಎಂದಾಯಿತು. ಹಿಂದೆ 'ಹುಟ್ಟುತ್ತಲೇ ತಾತನ್ನ ನುಂಗಿದಳು' ಎಂಬ ಮಾತು ಕೇಳಿ ಬೆಳೆದ ಹೆಣ್ಣುಮಕ್ಕಳ ಸಂಕಟ ನಮಗೆ ಗೊತ್ತಿಲ್ಲವೇ? ಆ ಕಳಂಕವನ್ನು ನಮ್ಮ ಕೈಯಾರೆ ಬರೆಯುವುದು ಬೇಡ. "ಮೈ ಗ್ರ್ಯಾಂಡ್‌ಫಾದರ್ ಹ್ಯಾಡ್ ಡೈಡ್ ಬಿಫೋರ್ ಐ ವಾಸ್ ಬಾರ್ನ್" ಎನ್ನಿ. ಎರಡು ಸಂಗತಿಗಳಲ್ಲಿ ಮೊದಲು ನಡೆದದ್ದಕ್ಕೆ 'ಹ್ಯಾಡ್' ಎಂಬ ಬೊಟ್ಟು ಇಡಿ, ಅಷ್ಟೆ.

"ಮೂರು ಜನ ಮಕ್ಕಳಿದ್ದರು" ಎನ್ನುವಲ್ಲಿ "ವಾಸ್ ಹ್ಯಾವಿಂಗ್" ಬೇಡ, "ಹ್ಯಾಡ್ ತ್ರೀ ಚಿಲ್ಡ್ರನ್" ಸಾಕು. ದಿನಾ ಹೊಳೆಗೆ ಹೋಗುತ್ತಿದ್ದರು ಎನ್ನುವ ರೂಢಿಗೆ "ಯೂಸ್ಡ್ ಟು ಗೋ" ಸರಿಯಾದದ್ದು. 'ಎಕ್ಸ್‌ಪೈರ್ಡ್' ಎನ್ನುವುದು ಈಚೆಗೆ ಅಲ್ಲಿಯ ಮಕ್ಕಳಿಗೆ ಔಷಧಿ, ಹಾಲಿನ ಪ್ಯಾಕೆಟ್ಟುಗಳ ಮಾತು. 'ಡೈಡ್' ಎನ್ನುವುದರಲ್ಲಿ ಅಗೌರವವೇನೂ ಇಲ್ಲ.

ಯಾರ ಮಗ? ಯಾವ ಮಾವ?

ನಮ್ಮ ಕನ್ನಡದಲ್ಲಿ 'ತನ್ನ' ಎಂಬ ಒಂದು ಪುಟ್ಟ ಪದ ಇದೆ. "ತಾತನ ತಮ್ಮ ಜಮೀನನ್ನು ತನ್ನ ಮಗನಿಗೆ ಕೊಟ್ಟ" ಎಂದರೆ ಯಾರ ಮಗ ಎಂಬ ಅನುಮಾನವೇ ಇಲ್ಲ. ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ಹಿಸ್' ಒಂದೇ. ಅವನ ಮಗನೋ, ಅಣ್ಣನ ಮಗನೋ? ಜಮೀನಿನ ಮಾತು ಬಂದಲ್ಲಿ ಇಂಥ ಗೊಂದಲ ದಾಯಾದಿ ಜಗಳಕ್ಕೆ ಬೀಜ. ಆದ್ದರಿಂದ ಬೇಸರಪಡದೆ ಹೆಸರನ್ನೇ ಮತ್ತೆ ಬರೆಯಿರಿ.

ಗೌರವದ 'ಅವರು' ಕೂಡ ಮೋಸ ಮಾಡುತ್ತದೆ. ತಾತ ಒಬ್ಬರೇ ಬಂದಾಗ "ದೇ ಕೇಮ್" ಎಂದರೆ ಗುಂಪೇ ಬಂದಂತೆ. 'ಹೀ' ಎಂದರೆ ಏಕವಚನದಲ್ಲಿ ಮಾತಾಡಿಸಿದಂತೆ ಅಲ್ಲ, ಹಿಂಜರಿಯಬೇಡಿ.

ಇನ್ನು ನೆಂಟಸ್ತಿಕೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಅಲ್ಲಿ 'ಅಂಕಲ್'. ನಮ್ಮಲ್ಲಿ ಸೋದರಮಾವನ ಮಗನನ್ನು ಮದುವೆಯಾಗುವುದುಂಟು, ಚಿಕ್ಕಪ್ಪನ ಮಗ ಅಣ್ಣತಮ್ಮನ ಸಮಾನ. "ಷೀ ಮ್ಯಾರೀಡ್ ಹರ್ ಅಂಕಲ್ಸ್ ಸನ್" ಎಂದರೆ ಓದಿದವರಿಗೆ ಏನು ತಿಳಿಯಬೇಕು? "ಹರ್ ಮದರ್ಸ್ ಬ್ರದರ್ಸ್ ಸನ್" ಎಂದು ಬಿಡಿಸಿ ಹೇಳಿ. 'ಕಸಿನ್ ಬ್ರದರ್', 'ಕೋ-ಸಿಸ್ಟರ್' ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ಇಂಗ್ಲಿಷ್. ಓರಗಿತ್ತಿಯನ್ನು "ಮೈ ಹಸ್ಬೆಂಡ್ಸ್ ಬ್ರದರ್ಸ್ ವೈಫ್" ಎನ್ನಿ. ಪಕ್ಕದಲ್ಲಿ 'ಓರಗಿತ್ತಿ' ಎಂಬ ಪದವನ್ನೂ ಬರೆಯಿರಿ. ಮಕ್ಕಳು ಅದನ್ನೂ ಕಲಿಯಲಿ.

ಅಂದು ಯಾವ ಜಿಲ್ಲೆ, ಇಂದು ಯಾವ ಜಿಲ್ಲೆ

ಹೊಳೆ ಈಚೆ ಮಳವಳ್ಳಿ ತಾಲ್ಲೂಕು, ಆಚೆ ಕೊಳ್ಳೇಗಾಲ ತಾಲ್ಲೂಕು. ಹೆಣ್ಣು ತರುವುದು, ಕೊಡುವುದು ಎರಡೂ ದಡಕ್ಕೂ ಇದ್ದದ್ದೇ. ಆದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿ. ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಮಳವಳ್ಳಿಯೂ ಅಷ್ಟೆ. 1939ರಲ್ಲಿ ಮಂಡ್ಯ ಜಿಲ್ಲೆಯಾಗುವ ತನಕ ಅದು ಮೈಸೂರು ಜಿಲ್ಲೆಯ ಊರು.

1930ರಲ್ಲಿ ಸತ್ತೇಗಾಲದಲ್ಲಿ ಹುಟ್ಟಿದ ಅಜ್ಜಿಯನ್ನು 'ಚಾಮರಾಜನಗರ ಜಿಲ್ಲೆಯಲ್ಲಿ ಹುಟ್ಟಿದರು' ಎಂದಷ್ಟೇ ಬರೆದರೆ, ಹಳೆಯ ಕಾಗದ ಹುಡುಕುವ ಮೊಮ್ಮಗಳು ಬೇರೆ ಊರಿನ ಕಚೇರಿಗೆ ಸುಮ್ಮನೆ ಅಲೆಯಬೇಕಾದೀತು. "ಸತ್ತೇಗಾಲ, ದೆನ್ ಇನ್ ಕೊಯಮತ್ತೂರ್ ಡಿಸ್ಟ್ರಿಕ್ಟ್, ನೌ ಇನ್ ಚಾಮರಾಜನಗರ್ ಡಿಸ್ಟ್ರಿಕ್ಟ್." ಈ 'ದೆನ್', 'ನೌ' ಎರಡೂ ಇರಲಿ.

ತಾತ ಕರೆಂಟಿನ ಮನೆಯಲ್ಲಿ ಕೆಲಸಕ್ಕಿದ್ದರೆ ನಾವೆಲ್ಲ 'ಬ್ಲಫ್‌ನಲ್ಲಿದ್ದರು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡಿದಾದ ದಿಬ್ಬ ಎಂಬ ಅರ್ಥವೂ ಉಂಟು, ಸುಳ್ಳು ಬಿಡುವುದು ಎಂಬ ಅರ್ಥವೂ ಉಂಟು! ಅದು ಜಾಗದ ಹೆಸರೆಂದು ತಿಳಿಯುವಂತೆ ದೊಡ್ಡಕ್ಷರದಲ್ಲಿ ಆರಂಭಿಸಿ, ಪಕ್ಕದಲ್ಲಿ ಶಿವನಸಮುದ್ರ ಎಂದು ಸೇರಿಸಿ.

ತಾರೀಖಿನಲ್ಲಿ ಎಚ್ಚರ

ಬೆಂಗಳೂರಿಗೆ ಶಿವನಸಮುದ್ರದ ದೀಪ ಬಂದದ್ದು 5-8-1905ರಂದು. ನಾವು ಇದನ್ನು ಆಗಸ್ಟ್ 5 ಎಂದು ಓದುತ್ತೇವೆ, ಅಮೆರಿಕದವರು ಮೇ 8 ಎಂದು ಓದುತ್ತಾರೆ. ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ ಬರೆಯಿರಿ. ಹಿರಿಯರು 'ರಕ್ತಾಕ್ಷಿ ಸಂವತ್ಸರ' ಎಂದರೆ ಅದು ಅರವತ್ತು ವರ್ಷಕ್ಕೊಮ್ಮೆ ಬರುವುದು, 1924ರಲ್ಲೂ ಬಂತು, 1984ರಲ್ಲೂ ಬಂತು. 'ಕಾವೇರಿ ದೊಡ್ಡ ನೆರೆ ಬಂದ ವರ್ಷ' ಎಂದೂ ಹೇಳಿದರೆ 1924 ಎಂದು ಗಟ್ಟಿಮಾಡಿಕೊಳ್ಳಬಹುದು. ಅಂದಾಜಿನದಾದರೆ 'ಅಬೌಟ್' ಎಂಬ ಪದ ಹಾಕಿ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆಯುವುದು ಬೇಡ.

ಹೀಗೆ ಮಾಡಿ ನೋಡಿ

ಮೊದಲು ಮನೆಮಾತಿನಲ್ಲೇ, ಕನ್ನಡದಲ್ಲೇ ಪೂರ್ತಿ ಬರೆದಿಡಿ. ನೋಟುಪುಸ್ತಕದ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಉದ್ದನೆಯ ವಾಕ್ಯವನ್ನು ಸೊಪ್ಪು ಬಿಡಿಸಿದಂತೆ ಬಿಡಿಸಿ. ಒಂದು ವಾಕ್ಯಕ್ಕೆ ಒಂದೇ ಸಂಗತಿ. ಶಾಲೆಗೆ ಹೋಗುವ ಮಕ್ಕಳಿಂದ ಕಾಗುಣಿತ ತಿದ್ದಿಸಿ. ಆದರೆ ಅರ್ಥ ತಿದ್ದುವ ಕೆಲಸ ಅವರಿಗೆ ಬಿಡಬೇಡಿ. ಮನೆಯಲ್ಲಿರುವ ಅತಿ ಹಿರಿಯರನ್ನು ಕೂರಿಸಿಕೊಂಡು, ಇಂಗ್ಲಿಷಿನಲ್ಲಿ ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಹೇಳಿ, "ಹೀಗೇನಾ ಆಗಿದ್ದು?" ಅಂತ ಕೇಳಿ. "ಅಯ್ಯೋ, ಹಂಗಲ್ಲ ಕಣವ್ವ" ಅಂದರೆ ಆ ವಾಕ್ಯ ಹೊಡೆದುಹಾಕಿ, ಇನ್ನೊಮ್ಮೆ ಬರೆಯಿರಿ. ಹಾಗೆ ಹೇಳುವವರು ಮನೆಯಲ್ಲಿ ಇರುವಾಗಲೇ ಈ ಕೆಲಸ ಮುಗಿಯಲಿ.